ಭ್ರೂಣ ಮತ್ತು ಮಾಸಿನ ಮಾತುಕತೆ: ಇಲಿ, ಕುರಿ, ಹಸು, ಡಿಶ್‌ನ ಕೋಶ – ಪ್ರಾಜೆಕ್ಟ್‌ಗೆ ಯಾವುದು?

ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್ ಹತ್ತಿರ ಬಂತು ಅಂದರೆ ಪ್ರಾಜೆಕ್ಟ್ ಹುಡುಕಾಟ ಶುರು. ಭ್ರೂಣದ ಬೆಳವಣಿಗೆ ಇಷ್ಟಪಡುವವರು ಪ್ರತಿ ಬ್ಯಾಚ್‌ನಲ್ಲೂ ಒಂದಿಬ್ಬರು ಇದ್ದೇ ಇರುತ್ತಾರೆ. ಅವರಿಗೆ ಬಸಿರಿನ ಮೊದಲ ದಿನಗಳಲ್ಲಿ ಭ್ರೂಣಕ್ಕೂ ಮಾಸಿಗೂ ನಡುವೆ ಓಡಾಡುವ ಸಂಕೇತಗಳ (ಕೋಶಗಳು ಒಂದಕ್ಕೊಂದು ಪ್ರೋಟೀನಿನ ರೂಪದಲ್ಲಿ ಕಳಿಸುವ ಸುದ್ದಿಗಳ) ಬಗ್ಗೆ ಕೆಲಸ ಮಾಡುವ ಆಸೆ ಹುಟ್ಟುತ್ತದೆ. ಒಳ್ಳೆಯ ಆಸೆ ಅದು. ಆದರೆ ಮುಂದಿನ ಪ್ರಶ್ನೆಗೆ ಬಂದಾಗ ಎಲ್ಲರೂ ಒಂದೇ ದಾರಿ ಹಿಡಿಯುತ್ತಾರೆ: ಲ್ಯಾಬ್‌ನಲ್ಲಿ ಏನಿದೆಯೋ ಅದರಲ್ಲೇ ಮಾಡೋಣ. ಬೀವೋ ಕೋಶ (ಮಾಸಿನ ಕ್ಯಾನ್ಸರ್ ಗೆಡ್ಡೆಯಿಂದ ಬೆಳೆಸಿದ್ದು) ಇದ್ದರೆ ಬೀವೋ, ಇಲಿ ಇದ್ದರೆ ಇಲಿ.

ಈ ದಾರಿ ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ಮೊದಲು ಕೇಳಬೇಕಾದ್ದು ಬೇರೆ: ನಿಮ್ಮ ಸಂಕೇತ ಯಾರಿಂದ ಯಾರಿಗೆ ಹೋಗುತ್ತದೆ? ಯಾವ ದಿನ? ಇಷ್ಟಕ್ಕೆ ಉತ್ತರ ಸಿಕ್ಕರೆ ಯಾವ ಪ್ರಾಣಿ, ಯಾವ ಕೋಶ ಅನ್ನೋದು ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಫಲಗೊಂಡ ಮೊಟ್ಟೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆದು ಹಲವು ಕೋಶಗಳಾದ ಮೇಲೆ ಟೊಳ್ಳು ಗುಳ್ಳೆ ಆಗುತ್ತದೆ. ಇದೇ ಬ್ಲಾಸ್ಟೊಸಿಸ್ಟ್. ಇಲಿಯಲ್ಲಿ ಸುಮಾರು ಮೂರೂವರೆ ದಿನಕ್ಕೆ, ಮನುಷ್ಯರಲ್ಲಿ ಐದನೇ ದಿನದ ಹೊತ್ತಿಗೆ. ಹೊರಗಿನ ಪದರ ಟ್ರೋಫೆಕ್ಟೋಡರ್ಮ್, ಮುಂದೆ ಮಾಸಿನ ಬಹುಪಾಲು ಅದರಿಂದಲೇ. ಅದರಿಂದ ಬರುವ ಮಾಸಿನ ಕೋಶಗಳಿಗೆ ಟ್ರೋಫೋಬ್ಲಾಸ್ಟ್ ಅಂತ ಹೆಸರು. ಒಳಗಿನ ಕೋಶಗಳ ಗುಂಪಿನಿಂದ ಮಗು ಅಥವಾ ಮರಿ. ಈ ಎರಡು ಗುಂಪು ಬೇರೆ ಆಗೋದೇ ಒಂದು ಸಂಕೇತದ ಕಥೆ. ಇಲಿಯಲ್ಲಿ ಅದನ್ನು ನಡೆಸೋದು ಹಿಪ್ಪೊ ಅನ್ನುವ ದಾರಿ, ಅಂದರೆ ಕೋಶದೊಳಗೆ ಸುದ್ದಿ ಸಾಗಿಸುವ ಪ್ರೋಟೀನುಗಳ ಸರಪಣಿ. ಹೊರಗಿನ ಕೋಶದಲ್ಲಿ ಅದು ಸುಮ್ಮನಿರುತ್ತದೆ. ಆಗ ಯಾಪ್ ಪ್ರೋಟೀನು ನ್ಯೂಕ್ಲಿಯಸ್ ಒಳಗೆ ಹೋಗಿ, ಟೀಡ್4 ಜೊತೆ ಸೇರಿ, ಸಿಡಿಎಕ್ಸ್2 ಜೀನನ್ನು ಎಬ್ಬಿಸುತ್ತದೆ. ಒಳಗಿನ ಕೋಶದಲ್ಲಿ ಹಿಪ್ಪೊ ಎಚ್ಚರವಾಗಿದ್ದು ಯಾಪ್ ಅನ್ನು ಹೊರಗೇ ತಡೆಯುತ್ತದೆ.

ಅಲ್ಲಿಂದ ಮುಂದೆ ಸಂಕೇತಗಳು ಮೂರು ದಿಕ್ಕಿಗೆ ಹರಿಯುತ್ತವೆ. ಭ್ರೂಣದಿಂದ ಮಾಸಿನ ಕೋಶಕ್ಕೆ, ಮಾಸಿನ ಕೋಶದಿಂದ ವಾಪಸ್ ಭ್ರೂಣಕ್ಕೆ, ಮಾಸಿನ ಕೋಶದಿಂದ ತಾಯಿಗೆ. ಈ ಮೂರನ್ನೂ ಚೆನ್ನಾಗಿ ತೋರಿಸುವ ಒಂದೇ ಮಾದರಿ ಇಲ್ಲ.

ಇಲಿ

ಮೊದಲ ಎರಡು ದಿಕ್ಕಿಗೆ ಇಲಿಯನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ನಾನು ಹೇಳುತ್ತಿರುವುದು ಚಿಕ್ಕ ಬಿಳಿ ಇಲಿ, ಲ್ಯಾಬ್‌ನವರು ಮೌಸ್ ಅನ್ನೋದು.

ಭ್ರೂಣದಿಂದ ಮಾಸಿಗೆ ಹೋಗುವ ಮುಖ್ಯ ಸಂಕೇತ ಎಫ್‌ಜಿಎಫ್4. ಒಳಗಿನ ಕೋಶಗಳು ಇದನ್ನು ಸುರಿಸುತ್ತವೆ. ಅವಕ್ಕೆ ಅಂಟಿಕೊಂಡಿರುವ ಕಡೆಯ ಟ್ರೋಫೆಕ್ಟೋಡರ್ಮ್ ಇದನ್ನು ಗ್ರಹಿಸಿ, ತಾನು ಒಂದು ಎರಡಾಗಿ ಒಡೆಯುತ್ತಾ ಬೆಳೆಯುತ್ತದೆ. ದೂರದಲ್ಲಿರುವ ಕಡೆಗೆ ಎಫ್‌ಜಿಎಫ್4 ಸಾಲದು. ಅಲ್ಲಿನ ಕೋಶಗಳು ಒಡೆಯೋದು ನಿಲ್ಲಿಸಿ, ಡಿಎನ್‌ಎ ಮಾತ್ರ ಮತ್ತೆ ಮತ್ತೆ ನಕಲು ಮಾಡಿಕೊಂಡು ದೈತ್ಯ ಕೋಶಗಳಾಗುತ್ತವೆ. 1998ರಲ್ಲಿ ಭ್ರೂಣವಿಜ್ಞಾನಿ ಜಾನೆಟ್ ರೊಸಾಂಟ್ ಅವರ ತಂಡ ಇದನ್ನೇ ಬಳಸಿಕೊಂಡಿತು. ಎಫ್‌ಜಿಎಫ್4 ಮತ್ತು ಹೆಪಾರಿನ್ ಹಾಕಿ, ಕೆಳಗೆ ಪೋಷಕ ಕೋಶಗಳ ಹಾಸು ಕೊಟ್ಟು, ಇಲಿಯ ಟ್ರೋಫೋಬ್ಲಾಸ್ಟ್ ಕಾಂಡಕೋಶಗಳನ್ನು (ಸ್ಟೆಮ್ ಸೆಲ್) ಡಿಶ್‌ನಲ್ಲೇ ಉಳಿಸಿಕೊಂಡಿತು. ಎಫ್‌ಜಿಎಫ್4 ತೆಗೆದರೆ ಅವೂ ದೈತ್ಯ ಕೋಶಗಳ ಕಡೆಗೇ ತಿರುಗುತ್ತವೆ. ಒಂದು ಸಂಕೇತವನ್ನು ಕೊಟ್ಟು ನೋಡು, ಕಿತ್ತು ನೋಡು ಅನ್ನುವ ಪ್ರಯೋಗ ಇಷ್ಟು ಸ್ವಚ್ಛವಾಗಿ ಸಿಗೋದು ಅಪರೂಪ.

ವಾಪಸ್ ಬರುವ ಸಂಕೇತ ಇನ್ನೂ ಸೊಗಸು. ಆರನೇ ದಿನದ ಹೊತ್ತಿಗೆ ಇಲಿಯ ಭ್ರೂಣ ಒಂದು ಉದ್ದನೆಯ ಬಟ್ಟಲಿನ ಆಕಾರಕ್ಕೆ ಬಂದಿರುತ್ತದೆ. ಕೆಳಗಿನ ಅರ್ಧ ಎಪಿಬ್ಲಾಸ್ಟ್, ಅಂದರೆ ಮರಿ ಆಗುವ ಭಾಗ. ಮೇಲಿನ ಅರ್ಧ ಮಾಸಿನ ಕಡೆಯದು, ಎಕ್ಸ್‌ಟ್ರಾಎಂಬ್ರಿಯಾನಿಕ್ ಎಕ್ಟೋಡರ್ಮ್ ಅನ್ನೋ ಉದ್ದ ಹೆಸರಿನದು. ಎಪಿಬ್ಲಾಸ್ಟ್ ನೋಡಲ್ ಅನ್ನುವ ಪ್ರೋಟೀನನ್ನು ಕಚ್ಚಾ ರೂಪದಲ್ಲಿ ಹೊರಗೆ ಬಿಡುತ್ತದೆ. ಅದನ್ನು ಕತ್ತರಿಸಿ ಪೂರ್ತಿ ಕೆಲಸಕ್ಕೆ ಅಣಿಮಾಡುವ ಫ್ಯೂರಿನ್ ಮತ್ತು ಪೇಸ್4 ಕಿಣ್ವಗಳು ಬರೋದು ಮೇಲಿನ ಅರ್ಧದಿಂದ. ಕಚ್ಚಾ ರೂಪದ ನೋಡಲ್ ಮೇಲಿನ ಅರ್ಧದಲ್ಲಿ ಬಿಎಂಪಿ4 ಅನ್ನುವ ಇನ್ನೊಂದು ಸಂಕೇತವನ್ನು ಎಬ್ಬಿಸುತ್ತದೆ. ಆ ಬಿಎಂಪಿ4 ಕೆಳಗೆ ಬಂದು ವಿಂಟ್3 ಅನ್ನುವ ಮೂರನೇ ಸಂಕೇತವನ್ನು ಎಬ್ಬಿಸುತ್ತದೆ. ವಿಂಟ್3 ಮತ್ತೆ ನೋಡಲ್ ಜಾಸ್ತಿ ಮಾಡುತ್ತದೆ. ಅದೇ ಬಿಎಂಪಿ4 ಇಲ್ಲದಿದ್ದರೆ ಮುಂದೆ ಅಂಡಾಣು, ವೀರ್ಯಾಣು ಆಗಬೇಕಾದ ಮೂಲ ಕೋಶಗಳು ಹುಟ್ಟುವುದೇ ಇಲ್ಲ. 1999ರಲ್ಲಿ ಇದನ್ನು ತೋರಿಸಿದರು. ಶುರುವಿನಲ್ಲಿ ಆ ಕೋಶಗಳು ಸುಮಾರು 40 ಮಾತ್ರ ಇರುತ್ತವೆ. ಹೆರಿಗೆ ಆದ ಮೇಲೆ ಹೂತು ಹಾಕುವ ಮಾಸು ಅಷ್ಟು ಬೇಗ, ಅಷ್ಟು ದೊಡ್ಡ ತೀರ್ಮಾನದಲ್ಲಿ ಪಾಲುದಾರ ಆಗಿರುತ್ತದೆ ಅನ್ನೋದು ನನಗೆ ಇವತ್ತಿಗೂ ರೋಮಾಂಚನದ ವಿಷಯ.

ಕೈಯಿಂದ ಮಾಡುವ ಕೆಲಸ ಹೇಗಿರುತ್ತದೆ ಅಂತಲೂ ತಿಳಿದಿರಲಿ. ಸಂಜೆ ಗಂಡು ಹೆಣ್ಣು ಒಟ್ಟಿಗೆ ಬಿಡಬೇಕು. ಬೆಳಗ್ಗೆ ಬೇಗ ಬಂದು ಪ್ಲಗ್ (ಕೂಡಿದ್ದಕ್ಕೆ ಗುರುತಾಗಿ ಹೆಣ್ಣಿಲಿಯ ಯೋನಿಯಲ್ಲಿ ಗಟ್ಟಿಯಾಗುವ ಬೆಣೆ) ಇದೆಯಾ ನೋಡಬೇಕು. ಪ್ಲಗ್ ಕಂಡ ದಿನದ ಮಧ್ಯಾಹ್ನವನ್ನು ಅರ್ಧ ದಿನ ಅಂತ ಲೆಕ್ಕ ಇಡುತ್ತಾರೆ. ಆರೂವರೆ ದಿನಕ್ಕೆ ಗರ್ಭಕೋಶ ತೆಗೆದರೆ ಕೊಳವೆಯ ಉದ್ದಕ್ಕೂ ಸಣ್ಣ ಸಣ್ಣ ಉಬ್ಬುಗಳು ಕಾಣುತ್ತವೆ. ಒಂದೊಂದು ಉಬ್ಬಿನಲ್ಲಿ ಒಂದೊಂದು ಭ್ರೂಣ. ಸ್ಟೀರಿಯೋ ಮೈಕ್ರೋಸ್ಕೋಪಿನ ಕೆಳಗೆ, ಪಿಬಿಎಸ್ ಅನ್ನುವ ತಣ್ಣನೆಯ ಉಪ್ಪಿನ ದ್ರಾವಣದಲ್ಲಿ, ಎರಡು ಚೂಪು ಫೋರ್ಸೆಪ್ಸ್ ಹಿಡಿದು ತಾಯಿಯ ದಪ್ಪ ಅಂಗಾಂಶವನ್ನು ಸೀಳಬೇಕು. ಒಳಗೆ ಅರ್ಧ ಮಿಲಿಮೀಟರ್‌ನ ಆಸುಪಾಸಿನ ಭ್ರೂಣ. ಬೆಳಕನ್ನು ಸ್ವಲ್ಪ ಓರೆ ಮಾಡಿದರೆ ಎರಡು ಅರ್ಧಗಳ ನಡುವಿನ ಗೆರೆ ಕಾಣುತ್ತದೆ. ಆ ಗೆರೆಯ ಮೇಲೆ ಕತ್ತರಿಸಿ ಕೆಳಗಿನ ಅರ್ಧವನ್ನು ಒಂಟಿಯಾಗಿ ಬೆಳೆಸಿ ನೋಡಬಹುದು. ಹೀಗೆ ಎರಡನ್ನೂ ಬಿಡಿಸಿ ಇಡೋದು ಬೇರೆ ಮಾದರಿಗಳಲ್ಲಿ ಇಷ್ಟು ಸಲೀಸಲ್ಲ.

ಹಾಗಾದರೆ ಎಲ್ಲರೂ ಇಲಿಯನ್ನೇ ಹಿಡಿಯಬಾರದೇಕೆ? ಯಾಕೆಂದರೆ ಇಲಿಯಲ್ಲಿ ಕಂಡದ್ದನ್ನು ಮನುಷ್ಯರಿಗೆ ನೇರವಾಗಿ ಹೊಂದಿಸೋದು ಅಪಾಯ. ಇಲಿಯ ಭ್ರೂಣ ಬಟ್ಟಲು, ಮನುಷ್ಯರದ್ದು ಚಪ್ಪಟೆ ಬಿಲ್ಲೆ. ಬಿಎಂಪಿ4 ಕೊಡುವ ಆ ಮೇಲಿನ ಅರ್ಧ ಅದೇ ರೂಪದಲ್ಲಿ ನಮ್ಮಲ್ಲಿಲ್ಲ. ಇಲಿಯ ಬ್ಲಾಸ್ಟೊಸಿಸ್ಟ್ ಗರ್ಭಕೋಶಕ್ಕೆ ಕಚ್ಚಿಕೊಳ್ಳೋದು ಒಳಕೋಶಗಳಿಂದ ದೂರದ ಕಡೆಯಿಂದ. ಮನುಷ್ಯರದ್ದು ಒಳಕೋಶಗಳು ಇರುವ ಕಡೆಯಿಂದಲೇ. ಜೊತೆಗೆ ಇಲಿಯ ಟ್ರೋಫೋಬ್ಲಾಸ್ಟ್ ತಾಯಿಯ ಅಂಗಾಂಶದೊಳಗೆ ಹೆಚ್ಚು ಆಳಕ್ಕೆ ಇಳಿಯೋದಿಲ್ಲ. ಬಸಿರಿನಲ್ಲಿ ಬಿಪಿ ಏರುವ ಪ್ರಿಎಕ್ಲಾಂಪ್ಸಿಯಾದ ಬಗ್ಗೆ ಆಸಕ್ತಿ ಇದ್ದರೆ, ಅದರಲ್ಲಿ ಟ್ರೋಫೋಬ್ಲಾಸ್ಟ್ ತಾಯಿಯ ರಕ್ತನಾಳಗಳನ್ನು ಸರಿಯಾಗಿ ಅಗಲಿಸದೇ ಇರೋದೇ ದೊಡ್ಡ ವಿಷಯ. ಅದಕ್ಕೆ ದೊಡ್ಡ ಇಲಿ, ಅಂದರೆ ರ‍್ಯಾಟ್ ವಾಸಿ. ಅದರ ಟ್ರೋಫೋಬ್ಲಾಸ್ಟ್ ಆಳಕ್ಕೆ ಇಳಿಯುತ್ತದೆ.

ಕುರಿ ಮತ್ತು ಹಸು

ಮೂರನೇ ದಿಕ್ಕು, ಅಂದರೆ ಮಾಸಿನ ಕೋಶದಿಂದ ತಾಯಿಗೆ. ಇದಕ್ಕೆ ಮೈಸೂರು–ಮಂಡ್ಯದವರು ದೂರ ಹೋಗಬೇಕಿಲ್ಲ. ಮನೆ ಮುಂದಿನ ಕೊಟ್ಟಿಗೆಯಲ್ಲೇ ಇದೆ.

ಮಂಡ್ಯದ ಹಳ್ಳಿಗಳಲ್ಲಿ ಹಸುವಿಗೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮಾಡಿಸಿದ ಮೇಲೆ 21 ದಿನ ಎಣಿಸುತ್ತಾರೆ. ಮತ್ತೆ ಬೆದೆಗೆ ಬರದಿದ್ದರೆ ಗಬ್ಬ ನಿಂತಿರಬೇಕು ಅನ್ನುತ್ತಾರೆ. ಆ ಬೆದೆಯನ್ನು ತಡೆದದ್ದು ಭ್ರೂಣದ ಹೊರಪದರ ಕಳಿಸಿದ ಒಂದು ಪ್ರೋಟೀನು, ಇಂಟರ್‌ಫೆರಾನ್ ಟೌ. ಬಸಿರು ಇಲ್ಲದಿದ್ದರೆ ಗರ್ಭಕೋಶ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ ಬಿಟ್ಟು ಅಂಡಾಶಯದ ಕಾರ್ಪಸ್ ಲೂಟಿಯಂ ಅನ್ನು, ಅಂದರೆ ಬಸಿರು ಕಾಯುವ ಪ್ರೊಜೆಸ್ಟರಾನ್ ಹಾರ್ಮೋನು ತಯಾರಿಸುವ ಗಂಟನ್ನು, ಕರಗಿಸಿಬಿಡುತ್ತದೆ. ಪ್ರೊಜೆಸ್ಟರಾನ್ ಇಳಿಯುತ್ತದೆ, ಹೊಸ ಬೆದೆ ಬರುತ್ತದೆ. ಇಂಟರ್‌ಫೆರಾನ್ ಟೌ ಬಂದರೆ ಗರ್ಭಕೋಶದ ಒಳಪದರದಲ್ಲಿ ಆಕ್ಸಿಟೋಸಿನ್ ಗ್ರಾಹಕಗಳು (ಪ್ರೊಸ್ಟಗ್ಲಾಂಡಿನ್ ಹೊರಡಿಸುವ ಆ ಹಾರ್ಮೋನನ್ನು ಹಿಡಿಯುವ ಪ್ರೋಟೀನುಗಳು) ಏಳೋದಿಲ್ಲ. ಹಾಗಾಗಿ ಪ್ರೊಸ್ಟಗ್ಲಾಂಡಿನ್ ಅಲೆಗಳೂ ಏಳೋದಿಲ್ಲ.

ಇದು ಗೊತ್ತಾದದ್ದು ಕುರಿಯಲ್ಲಿ. ಮೂರ್ ಮತ್ತು ರೋಸನ್ 1966ರಲ್ಲಿ ಕುರಿಯ ಗರ್ಭಕೋಶದಿಂದ ಬೇರೆ ಬೇರೆ ದಿನ ಭ್ರೂಣ ತೆಗೆದು ನೋಡಿದರು. 12ನೇ ದಿನದೊಳಗೆ ತೆಗೆದರೆ ಕುರಿ ಎಂದಿನಂತೆ ಮತ್ತೆ ಬೆದೆಗೆ ಬಂತು. ಆಮೇಲೆ ತೆಗೆದರೆ ಕಾರ್ಪಸ್ ಲೂಟಿಯಂ ಇನ್ನಷ್ಟು ದಿನ ಉಳಿಯಿತು. ಅಂದರೆ ಅಷ್ಟರಲ್ಲಿ ಸುದ್ದಿ ತಲುಪಿಯಾಗಿತ್ತು. ಆ ಸುದ್ದಿ ಇಂಟರ್‌ಫೆರಾನ್ ಜಾತಿಯದು, ವೈರಸ್ ಬಂದಾಗ ನಮ್ಮ ಮೈ ಬಿಡುವ ಪ್ರೋಟೀನುಗಳ ಸಂಬಂಧಿ ಅಂತ 1987ರಲ್ಲಿ ತಿಳಿಯಿತು. ಟೌ ಮಾತ್ರ ಮೆಲುಕು ಹಾಕುವ ಪ್ರಾಣಿಗಳಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಮನುಷ್ಯರಲ್ಲಿ ಕಾರ್ಪಸ್ ಲೂಟಿಯಂ ಉಳಿಸುವ ಕೆಲಸ ಎಚ್‌ಸಿಜಿ ಹಾರ್ಮೋನಿನದು, ಮೆಡಿಕಲ್ ಸ್ಟೋರಿನ ಬಸಿರು ಪರೀಕ್ಷೆಯ ಸ್ಟ್ರಿಪ್ಪಿನಲ್ಲಿ ಗೆರೆ ಬರಿಸುವುದೂ ಅದೇ. ಹಂದಿಯಲ್ಲಿ ಭ್ರೂಣ ಬಿಡುವ ಈಸ್ಟ್ರೋಜನ್. ಇಲಿಯಲ್ಲಿ ಕೂಡಿದ ಮೇಲೆ ತಾಯಿಯ ಪಿಟ್ಯುಟರಿ ಬಿಡುವ ಪ್ರೊಲ್ಯಾಕ್ಟಿನ್, ಆಮೇಲೆ ಮಾಸಿನ ಹಾರ್ಮೋನುಗಳು. ಕೆಲಸ ಒಂದೇ, ಆಳು ಬೇರೆ ಬೇರೆ. ಆದ್ದರಿಂದ ಈ ದಿಕ್ಕಿನ ಪ್ರಶ್ನೆಗೆ ಇಲಿಯನ್ನು ಹಿಡಿದರೆ ಇಲಿಯ ಬಗ್ಗೆ ಮಾತ್ರ ಕಲಿಯುತ್ತೀರಿ.

ಕುರಿಯ ಇನ್ನೊಂದು ವಿಶೇಷ, ಭ್ರೂಣ ಗರ್ಭಕೋಶಕ್ಕೆ ಅಂಟುವ ಮೊದಲೇ ಉದ್ದಕ್ಕೆ ಬೆಳೆಯೋದು. 12ನೇ ದಿನದ ಸುಮಾರಿಗೆ ಕೆಲವೇ ಮಿಲಿಮೀಟರ್ ಇದ್ದದ್ದು 16ರ ಹೊತ್ತಿಗೆ 15 ಸೆಂಟಿಮೀಟರ್ ದಾಟುತ್ತದೆ. ಗರ್ಭಕೋಶದ ಕೊಂಬಿಗೆ ಸಲೈನ್ ಹಾಯಿಸಿ ಡಿಶ್‌ಗೆ ಇಳಿಸಿದರೆ ಬೆಂದ ಶಾವಿಗೆ ಎಳೆಯ ಹಾಗೆ ತೇಲಿ ಬರುತ್ತದೆ. ಅದರಲ್ಲಿ ಮರಿ ಆಗುವ ಭಾಗ ಒಂದು ಸಣ್ಣ ಚುಕ್ಕೆ. ಉಳಿದದ್ದೆಲ್ಲ ಟ್ರೋಫೋಬ್ಲಾಸ್ಟ್. ಇಂಟರ್‌ಫೆರಾನ್ ಟೌ ಅತಿ ಹೆಚ್ಚು ಬರೋದು ಆ ದಿನಗಳಲ್ಲೇ. ಇಷ್ಟು ಉದ್ದ ಬೆಳೆಯೋಕೆ ತಾಯಿಯ ಗರ್ಭಕೋಶದ ಗ್ರಂಥಿಗಳ ರಸ ಬೇಕೇ ಬೇಕು. ಗ್ರಂಥಿ ಇಲ್ಲದಂತೆ ಬೆಳೆಸಿದ ಕುರಿಗಳಲ್ಲಿ ಬಸಿರು ನಿಲ್ಲಲಿಲ್ಲ. ಡಿಶ್‌ನಲ್ಲಿ ಇಟ್ಟ ಬ್ಲಾಸ್ಟೊಸಿಸ್ಟ್ ಕೂಡ ಹಾಗೆ ಉದ್ದ ಆಗೋದಿಲ್ಲ. ಈ ಹಂತವನ್ನು ಪ್ರಾಣಿ ಬಿಟ್ಟು ಬೇರೆಡೆ ನೋಡುವ ಆಸೆ ಸದ್ಯಕ್ಕೆ ಬೇಡ.

ಬನ್ನೂರು ಕುರಿ ನಮ್ಮ ಕಡೆಯದೇ, ಮಂಡ್ಯ ಕುರಿ ಅಂತಲೂ ಕರೆಯುತ್ತಾರೆ. ಮಾಂಸಕ್ಕೆ ಕಡಿದ ಹೆಣ್ಣು ಕುರಿಯ ಗರ್ಭಕೋಶ, ಅಂಡಾಶಯ ಕೇಳಿ ಪಡೆಯಬಹುದು. ಬೆಳಗಿನ ಜಾವ ಥರ್ಮಾಸ್‌ನಲ್ಲಿ ಬೆಚ್ಚನೆಯ ಸಲೈನ್ ಒಯ್ದರೆ ಸಾಕು. ಅಂಡಾಶಯದಿಂದ ಮೊಟ್ಟೆ ತೆಗೆದು ಐವಿಎಫ್ ಮಾಡಿ ಬ್ಲಾಸ್ಟೊಸಿಸ್ಟ್ ತನಕ ನೋಡೋದಕ್ಕೆ ಇದು ಒಳ್ಳೆಯ ದಾರಿ. ಆದರೆ ಕಡಿದ ಕುರಿ ಯಾವತ್ತು ಟಗರಿಗೆ ಕೂಡಿತ್ತು ಅಂತ ಯಾರೂ ಬರೆದಿಟ್ಟಿರೋದಿಲ್ಲ. ದಿನದ ಲೆಕ್ಕ ಮುಖ್ಯ ಆಗುವ ಇಂಟರ್‌ಫೆರಾನ್ ಕೆಲಸಕ್ಕೆ ಇಂಥ ಗರ್ಭಕೋಶ ನಂಬಬೇಡಿ. ಹಸುವಿನ ಅಂಡಾಶಯದ ಮಾತು ಇಲ್ಲಿ ಬರೋದೇ ಇಲ್ಲ. ಕರ್ನಾಟಕದಲ್ಲಿ ಗೋಹತ್ಯೆಗೆ ಕಾನೂನಿನ ನಿಷೇಧ ಇದೆ.

ಹಸುವಿನಲ್ಲಿ ಇನ್ನೊಂದು ದಾರಿ ಇದೆ, ಎಂ.ಎಸ್ಸಿ. ಮಟ್ಟಕ್ಕೆ ನಾನು ಮೊದಲು ಸೂಚಿಸೋದೇ ಇದನ್ನು. ಇಂಟರ್‌ಫೆರಾನ್ ಟೌ ಗರ್ಭಕೋಶದಲ್ಲಿ ಕೆಲಸ ಮಾಡಿದರೂ ಅದರ ಪರಿಣಾಮ ತಾಯಿಯ ರಕ್ತದ ಬಿಳಿ ಕಣಗಳಲ್ಲಿ ಕಾಣುತ್ತದೆ. ಇಂಜೆಕ್ಷನ್ ಆದ 18ರಿಂದ 20ನೇ ದಿನದ ನಡುವೆ ಐಎಸ್‌ಜಿ15, ಎಂಎಕ್ಸ್2, ಓಎಎಸ್1 ಜೀನುಗಳು ಗಬ್ಬದ ಹಸುಗಳಲ್ಲಿ ಏರುತ್ತವೆ. ಪಶುವೈದ್ಯರು ರಕ್ತ ತೆಗೆದುಕೊಟ್ಟರೆ ಆರ್‌ಎನ್‌ಎ ತೆಗೆದು ಕ್ಯೂಪಿಸಿಆರ್ (ಯಾವ ಜೀನು ಎಷ್ಟು ಎದ್ದಿದೆ ಅಂತ ಅಳೆಯುವ ಪರೀಕ್ಷೆ) ಮಾಡಬಹುದು. ಇಂಜೆಕ್ಷನ್ ತಾರೀಕು ಡೈರಿ ಸೊಸೈಟಿಯ ಕಡೆಯಿಂದಲೋ ರೈತರ ಹತ್ತಿರದ ಚೀಟಿಯಿಂದಲೋ ಪಕ್ಕಾ ಸಿಗುತ್ತದೆ. ಯಾವ ಪ್ರಾಣಿಯನ್ನೂ ಕೊಲ್ಲಬೇಕಿಲ್ಲ. ಒಂದು ಎಚ್ಚರಿಕೆ: ವೈರಸ್ ಸೋಂಕು ಇದ್ದರೂ ಇದೇ ಜೀನುಗಳು ಏರುತ್ತವೆ. ಹಾಗಾಗಿ ಅದೇ ಹಸುವಿನ ಇಂಜೆಕ್ಷನ್ ದಿನದ ರಕ್ತವನ್ನೂ ತೆಗೆದಿಟ್ಟುಕೊಳ್ಳಬೇಕು. ಜ್ವರ ಬಂದಿತ್ತಾ, ಲಸಿಕೆ ಹಾಕಿಸಿದ್ದರಾ ಅಂತ ರೈತರನ್ನು ಕೂತು ಕೇಳಬೇಕು. ಆಮೇಲೆ ಸ್ಕ್ಯಾನ್‌ನಲ್ಲಿ ಗಬ್ಬ ಖಚಿತ ಆದವನ್ನೂ ಆಗದವನ್ನೂ ಹೋಲಿಸಬೇಕು.

ಕ್ಯಾನ್ಸರ್ ಕೋಶಗಳು: ಬೀವೋ, ಜೆಇಜಿ-3

ಇವುಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅಗ್ಗ, ಬೇಗ ಬೆಳೆಯುತ್ತವೆ, ಕೋಶಗಳ ಸಂಗ್ರಹ ಇರುವ ಪುಣೆಯ ಎನ್‌ಸಿಸಿಎಸ್‌ನಂಥ ಸಂಸ್ಥೆಗಳಲ್ಲಿ ಕೇಳಬಹುದು. ಬೀವೋ ಕೋಶಕ್ಕೆ ಫೋರ್ಸ್‌ಕೋಲಿನ್ ಅನ್ನುವ ರಾಸಾಯನಿಕ ಹಾಕಿದರೆ ಕೋಶಗಳು ಒಂದಕ್ಕೊಂದು ಬೆಸೆದುಕೊಂಡು ಎಚ್‌ಸಿಜಿ ಬಿಡುತ್ತವೆ. ಆ ಬೆಸುಗೆಯನ್ನು ಕಲಿಯೋಕೆ ಬೀವೋ ಚೆನ್ನಾಗಿದೆ. ಆದರೆ ಇವು ಕೋರಿಯೋಕಾರ್ಸಿನೋಮಾ ಗೆಡ್ಡೆಯಿಂದ ಬಂದವು. ಪಕ್ಕದಲ್ಲಿ ಭ್ರೂಣ ಇಲ್ಲ. ಭ್ರೂಣದ ಸಂಕೇತದ ಬಗ್ಗೆ ಬೀವೋದಿಂದ ತೀರ್ಮಾನ ತೆಗೆದ ಥೀಸಿಸ್ ಕೈಗೆ ಬಂದರೆ ಮೊದಲ ಪುಟದಿಂದಲೇ ನನ್ನ ನಂಬಿಕೆ ಇಳಿಯುತ್ತದೆ. ಎಚ್‌ಟಿಆರ್-8 ಕೋಶಗಳು ಗೆಡ್ಡೆಯವಲ್ಲ, ಮಾಸಿನಿಂದಲೇ ತೆಗೆದವು. ಆದರೂ ಅವುಗಳ ಮೇಲೂ ನನ್ನ ನಂಬಿಕೆ ಕಡಿಮೆಯೇ. ಅವು ಒಂದೇ ಜಾತಿಯ ಕೋಶಗಳಲ್ಲ, ಕಲಬೆರಕೆ ಗುಂಪು ಅನ್ನುವ ಅನುಮಾನ ಪ್ರಕಟಣೆಗಳಲ್ಲೇ ಬಂದಿದೆ.

ಮನುಷ್ಯರ ಟ್ರೋಫೋಬ್ಲಾಸ್ಟ್ ಕಾಂಡಕೋಶ, ಆರ್ಗನಾಯ್ಡ್

ಮನುಷ್ಯರ ಮಾಸೇ ಪ್ರಶ್ನೆ ಆದರೆ ದಾರಿ ಇದು. 2018ರಲ್ಲಿ ಜಪಾನಿನ ಒಕಾಯೆ ಮತ್ತು ಸಂಗಡಿಗರು ಮನುಷ್ಯರ ಟ್ರೋಫೋಬ್ಲಾಸ್ಟ್ ಕಾಂಡಕೋಶ ಬೆಳೆಸಿದರು. ಅದೇ ವರ್ಷ ಕೇಂಬ್ರಿಜ್ ಮತ್ತು ವಿಯೆನ್ನಾದ ತಂಡಗಳು ಮಾಸಿನ ಮೂರು ಆಯಾಮದ ಪುಟ್ಟ ಪ್ರತಿರೂಪವಾದ ಆರ್ಗನಾಯ್ಡ್ ತಂದವು. ಒಕಾಯೆ ಅವರು ಕೋಶ ಬೆಳೆಸಿದ ದ್ರವದಲ್ಲಿ (ಮೀಡಿಯಂ) ಏನಿದೆ ನೋಡಿ: ಇಜಿಎಫ್, ವಿಂಟ್ ದಾರಿ ಎಬ್ಬಿಸುವ ಔಷಧ, ಟಿಜಿಎಫ್-ಬೀಟಾ ತಡೆಯುವ ಔಷಧ, ಇನ್ನೂ ಒಂದೆರಡು. ಎಫ್‌ಜಿಎಫ್4 ಇಲ್ಲ. ಇಲಿಯ ಕೋಶಕ್ಕೆ ಜೀವವೇ ಆಗಿದ್ದ ಸಂಕೇತ ಮನುಷ್ಯರ ಕೋಶಕ್ಕೆ ಬೇಕಾಗಲಿಲ್ಲ. ಇಲಿಯ ಫಲಿತಾಂಶ ಹಿಡಿದು ಮನುಷ್ಯರ ಬಗ್ಗೆ ಬರೆಯುವಾಗ ಕೈ ತಡೆಯಬೇಕು ಅನ್ನೋದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಡ ಅಲ್ವಾ?

ಕಷ್ಟ ಇರೋದು ಖರ್ಚಿನಲ್ಲಿ, ಕಾಯುವುದರಲ್ಲಿ. ಆರ್ಗನಾಯ್ಡ್ ಬೆಳೆಸುವ ಜೆಲ್, ಮ್ಯಾಟ್ರಿಜೆಲ್, ತಣ್ಣಗೇ ಬರಬೇಕು, ತಣ್ಣಗೇ ಇರಬೇಕು. ಐಸ್ ಕರಗಿದ ಡಬ್ಬ ಕೈಗೆ ಬಂದರೆ ಒಳಗಿನದು ಗಟ್ಟಿಯಾಗಿರುತ್ತದೆ, ದುಡ್ಡು ನೀರಿನಲ್ಲಿ ಹೋಮ. ಸಿದ್ಧ ಕೋಶಗಳನ್ನು ತರಿಸೋಕೆ ಸಂಸ್ಥೆಗಳ ನಡುವೆ ಒಪ್ಪಂದ ಬೇಕು, ಸಹಿಗಳಿಗೇ ತಿಂಗಳು ಹಿಡಿಯುತ್ತದೆ. ಆರಂಭದ ಬಸಿರಿನ ಅಂಗಾಂಶದಿಂದ ಹೊಸದಾಗಿ ತೆಗೆಯೋದಾದರೆ ಆಸ್ಪತ್ರೆಯ ಎಥಿಕ್ಸ್ ಕಮಿಟಿ, ತಾಯಿಯ ಲಿಖಿತ ಒಪ್ಪಿಗೆ ಎರಡೂ ಬೇಕು. ಗರ್ಭಪಾತಕ್ಕೆ ಬಂದ ಹೆಣ್ಣುಮಗಳ ಮುಂದೆ ಒಪ್ಪಿಗೆ ಕಾಗದ ಹಿಡಿಯುವವರು ಅವರ ಚಿಕಿತ್ಸೆಗೆ ಸಂಬಂಧ ಇಲ್ಲದವರಾಗಿರಬೇಕು. ಇದರಲ್ಲಿ ಯಾವ ರಾಜಿಯೂ ಬೇಡ. ಪಿಎಚ್‌.ಡಿ.ಗೆ ಸರಿ, ಒಂದು ಸೆಮಿಸ್ಟರಿಗೆ ಆಗದು.

ಕಾಂಡಕೋಶಗಳಿಂದ ಕಟ್ಟಿದ ಭ್ರೂಣದ ಪ್ರತಿರೂಪ, ಬ್ಲಾಸ್ಟಾಯ್ಡ್, ಇನ್ನೂ ಮುಂದಿನ ಮಾತು. ಇಲಿಯದ್ದು 2018ರಲ್ಲಿ ನಿಕೋಲಾ ರಿವ್ರಾನ್ ತಂಡದಿಂದ, ಮನುಷ್ಯರದ್ದು 2021ರಲ್ಲಿ. ಭ್ರೂಣದ ಕಡೆಯ ಕೋಶಗಳು ಟ್ರೋಫೋಬ್ಲಾಸ್ಟ್ ಅನ್ನು ಹೇಗೆ ನಡೆಸುತ್ತವೆ ಅಂತ ಒಂದೊಂದಾಗಿ ಕಿತ್ತು ನೋಡೋಕೆ ಇದಕ್ಕಿಂತ ಚೆಂದದ ಸಾಧನ ಇಲ್ಲ. ಆದರೆ ಮನುಷ್ಯರ ಭ್ರೂಣವನ್ನು ಹೊರಗೆ 14 ದಿನ ದಾಟಿಸಬಾರದು ಅಂತ ಐಸಿಎಂಆರ್–ಡಿಬಿಟಿಯ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ) 2017ರ ಕಾಂಡಕೋಶ ಮಾರ್ಗಸೂಚಿ ಹೇಳುತ್ತದೆ. ಇಂಥ ಪ್ರತಿರೂಪಗಳಿಗೆ ಕೈ ಹಾಕುವ ಮೊದಲು ಕಾಂಡಕೋಶ ಸಂಶೋಧನೆಯ ಸಾಂಸ್ಥಿಕ ಸಮಿತಿಯ ಬಾಗಿಲು ತಟ್ಟಲೇಬೇಕು.

ಕಂಪ್ಯೂಟರ್ ಮಾತ್ರ ಇದ್ದರೆ

ಇದನ್ನು ಕೀಳಾಗಿ ನೋಡಬೇಡಿ. ಒಂದೊಂದು ಕೋಶದ ಆರ್‌ಎನ್‌ಎ ಓದಿದ ದತ್ತಾಂಶ ಉಚಿತವಾಗಿ ಸಿಗುತ್ತದೆ. 2018ರಲ್ಲಿ ಮೊದಲ ಮೂರು ತಿಂಗಳ ಮಾಸು ಮತ್ತು ಗರ್ಭಕೋಶದ ಒಳಪದರದ ಸುಮಾರು 70,000 ಕೋಶಗಳ ನಕ್ಷೆ ಬಂತು. ಅದರ ಜೊತೆಗೇ ಸೆಲ್‌ಫೋನ್‌ಡಿಬಿ ಅನ್ನುವ ಸಾಧನ ಕೂಡ. ಯಾವ ಕೋಶ ಯಾವ ಸಂಕೇತ ತಯಾರಿಸುತ್ತದೆ, ಅದರ ಗ್ರಾಹಕ ಯಾವ ಕೋಶದಲ್ಲಿದೆ ಅಂತ ಅದು ಜೋಡಿಸಿ ಕೊಡುತ್ತದೆ. ಇಲಿಯ ಭ್ರೂಣದ್ದೂ ದೊಡ್ಡ ನಕ್ಷೆಗಳಿವೆ.

ಒಂದು ಮಿತಿ ಮಾತ್ರ ಸದಾ ನೆನಪಿರಲಿ. ಆರ್‌ಎನ್‌ಎ ಇದ್ದಾಕ್ಷಣ ಸಂಕೇತ ಹೊರಟಿತು ಅಂತಲ್ಲ. ಮೇಲೆ ಹೇಳಿದ ನೋಡಲ್ ನೆನಪಿಸಿಕೊಳ್ಳಿ. ಎಪಿಬ್ಲಾಸ್ಟ್‌ನಲ್ಲಿ ನೋಡಲ್ ಆರ್‌ಎನ್‌ಎ, ಅದರ ಗ್ರಾಹಕ ಎರಡೂ ಇವೆ ಅಂತ ಪಟ್ಟಿ ತೋರಿಸುತ್ತದೆ. ಅದನ್ನು ಅಣಿಮಾಡುವ ಕಿಣ್ವ ಪಕ್ಕದ ಅಂಗಾಂಶದಿಂದ ಬರಬೇಕು ಅನ್ನುವ ಸಂಗತಿ ಆ ಜೋಡಿ ಪಟ್ಟಿಯಲ್ಲಿ ಕಾಣೋದಿಲ್ಲ. ಸಂಕೇತ ತಲುಪಿದೆಯಾ ಅಂತ ತಿಳಿಯೋಕೆ ಕೊನೆಗೆ ಅಂಗಾಂಶವನ್ನೇ ನೋಡಬೇಕು. ತಲುಪಿದ್ದರೆ ಕೋಶದೊಳಗಿನ ಕೆಲವು ಪ್ರೋಟೀನುಗಳ ಮೇಲೆ ಫಾಸ್ಫೇಟ್ ಕೂತಿರುತ್ತದೆ. ಎಫ್‌ಜಿಎಫ್‌ಗಾದರೆ ಫಾಸ್ಫೇಟ್ ಕೂತ ಇಆರ್‌ಕೆ, ಬಿಎಂಪಿಗಾದರೆ ಫಾಸ್ಫೇಟ್ ಕೂತ ಸ್ಮ್ಯಾಡ್1/5. ಆಮೇಲೆ ಆ ದಾರಿಯನ್ನು ಔಷಧದಿಂದ ತಡೆದು, ಪರಿಣಾಮ ನಿಂತಿತಾ ನೋಡಬೇಕು. ಎಫ್‌ಜಿಎಫ್ ಗ್ರಾಹಕಕ್ಕೆ ಪಿಡಿ173074, ನೋಡಲ್ ದಾರಿಗೆ ಎಸ್‌ಬಿ431542, ಬಿಎಂಪಿಗೆ ಎಲ್‌ಡಿಎನ್193189 ಬಳಕೆಯಲ್ಲಿವೆ.

ಹಾಗಾದರೆ ನೀವು?

ಒಂದೇ ಸೆಮಿಸ್ಟರ್ ಇದೆ, ಕ್ಯೂಪಿಸಿಆರ್ ಯಂತ್ರ ಇದೆ ಅಂದರೆ ಹಸುವಿನ ರಕ್ತ. ನಿಮ್ಮ ಊರು ಮದ್ದೂರೋ ಪಾಂಡವಪುರವೋ ಆಗಿದ್ದರೆ ಇನ್ನೂ ಸಲೀಸು, ರೈತರು ಪರಿಚಯದವರೇ ಇರುತ್ತಾರೆ. ಯಂತ್ರವೂ ಇಲ್ಲ ಅಂದರೆ ದತ್ತಾಂಶ. ಮೂರು ನಾಲ್ಕು ವರ್ಷದ ಪಿಎಚ್‌.ಡಿ., ನೋಂದಾಯಿತ ಪ್ರಾಣಿಮನೆ ಇರುವ ಗೈಡ್ ಸಿಕ್ಕಿದ್ದಾರೆ, ಭ್ರೂಣಕ್ಕೂ ಮಾಸಿಗೂ ನಡುವಿನ ಸಂಕೇತವೇ ಬೇಕು ಅಂದರೆ ಎರಡನೇ ಯೋಚನೆ ಬೇಡ, ಇಲಿ ಹಿಡಿಯಿರಿ. ಜೀನ್ ಬದಲಾಯಿಸಿದ ಇಲಿ ಬೇಕಾದರೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಆವರಣದಲ್ಲಿ ಅದಕ್ಕೆಂದೇ ಘಟಕ ಇದೆ. ಮನುಷ್ಯರ ಕಾಯಿಲೆ ನಿಮ್ಮನ್ನು ಇಲ್ಲಿಗೆ ತಂದಿದ್ದರೆ ಟ್ರೋಫೋಬ್ಲಾಸ್ಟ್ ಕಾಂಡಕೋಶಕ್ಕೆ ಕಾಯಿರಿ. ಕಾಯುವ ಹೊತ್ತಿನಲ್ಲಿ ಬೀವೋ ಮೇಲೆ ಕೈ ಪಳಗಿಸಿಕೊಳ್ಳಿ, ಫಲಿತಾಂಶ ಬರೆಯೋಕೆ ಅಲ್ಲ.

ಇಲಿಯಾಗಲಿ ಹಸುವಾಗಲಿ, ಸಂಸ್ಥೆಯ ಪ್ರಾಣಿ ಎಥಿಕ್ಸ್ ಸಮಿತಿಯ ಒಪ್ಪಿಗೆ ಕೈಯಲ್ಲಿರದೆ ಒಂದು ಹನಿ ರಕ್ತವನ್ನೂ ತೆಗೆಯುವ ಹಾಗಿಲ್ಲ. ಆ ಸಮಿತಿ ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಕೇಂದ್ರದ ಸಿಸಿಎಸ್‌ಇಎ ಅಡಿಯಲ್ಲಿ ಬರುತ್ತದೆ, ಹಳಬರು ಇನ್ನೂ ಸಿಪಿಸಿಎಸ್‌ಇಎ ಅಂತಲೇ ಅನ್ನುತ್ತಾರೆ. ಸಂಸ್ಥೆಯ ಸಮಿತಿ ಪದೇ ಪದೇ ಸೇರೋದಿಲ್ಲ. ಮುಂದಿನ ಸಭೆ ಯಾವಾಗ ಅಂತ ಇವತ್ತೇ ಆಫೀಸಿನಲ್ಲಿ ಕೇಳಿ. ಅರ್ಜಿಯಲ್ಲಿ ಎಷ್ಟು ಪ್ರಾಣಿ, ಯಾಕೆ ಅಷ್ಟೇ ಬೇಕು ಅನ್ನೋ ಭಾಗವನ್ನು ಗೈಡ್ ಜೊತೆ ಕೂತು ಮೊದಲು ಬರೆಯಿರಿ. ಪ್ರಶ್ನೆ ಜಾಸ್ತಿ ಬರೋದು ಅದರ ಮೇಲೆಯೇ.